ಗಯೆಯಲ್ಲಿ ಸತ್ತು ತಿಂದದ್ದು

ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುರುಕಿ ಕೂತೆನೆಂದರೆ ಮಕ್ಕಳು ಸುತ್ತ ಸೇರುತ್ತವೆ. ‘ದೊಡ್ಡಪ್ಪ, ಸತ್ತು ತಿಂದ ಕಥೆ ಹೇಳು’ ಅನ್ನುತ್ತವೆ. ಎಷ್ಟೋ ಸಲ ಕೇಳಿದ ಕಥೆಯೇ. ನಾನು ಒಂದು ಮಾತು ಬಿಟ್ಟರೆ ಅವೇ ಸೇರಿಸುತ್ತವೆ.

1986ರ ಡಿಸೆಂಬರ್. ನನಗೆ 17. ಪಿಯುಸಿ ಗಣಿತದಲ್ಲಿ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಡುಮ್ಕಿ ಹೊಡೆದು ಮನೆಯಲ್ಲಿ ಬಿದ್ದಿದ್ದೆ. ಅಜ್ಜನ ಗಯಾಶ್ರಾದ್ಧಕ್ಕೆ ಹೊರಟ ಅಪ್ಪ ನನ್ನನ್ನೂ ರೈಲು ಹತ್ತಿಸಿದರು. ವಿಷ್ಣುಪಾದದಲ್ಲಿ ಪಿಂಡವಾಯಿತು. ಗಯೆಯಲ್ಲಿ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕಲ್ಲ, ಅಪ್ಪ ಹಾಗಲಕಾಯಿ ಬಿಟ್ಟರು. ಅದನ್ನು ಅವರು ಹುಟ್ಟಿದಾರಭ್ಯ ಮುಟ್ಟಿದವರಲ್ಲ. ನಾನು ಕಿಸಕ್ಕೆಂದದ್ದಕ್ಕೆ ಪುರೋಹಿತರ ಎದುರಿಗೇ ತಲೆಗೆ ಮೊಟಕಿದರು.

ಸೋದರಮಾವ ಗಯೆಯಲ್ಲೇ ರೈಲ್ವೆ ನೌಕರಿಯಲ್ಲಿದ್ದ. ‘ಭಾವ, ಇವನನ್ನು ಸ್ವಲ್ಪ ದಿನ ಇಲ್ಲೇ ಬಿಡಿ. ಬೋಧಗಯೆಯಲ್ಲಿ ಹತ್ತು ದಿನದ ಧ್ಯಾನ ಶಿಬಿರ ಇದೆ, ತಲೆ ನೆಟ್ಟಗಾಗುತ್ತದೆ’ ಅಂದ. ಅಪ್ಪನಿಗೆ ತಲೆ ನೆಟ್ಟಗಾಗುವುದಷ್ಟೇ ಕೇಳಿಸಿರಬೇಕು, ಒಪ್ಪಿಬಿಟ್ಟರು.

ಶಿಬಿರ ನಿರಂಜನಾ ನದಿಯ ದಂಡೆಯ ಒಂದು ವಿಹಾರದಲ್ಲಿ. ಊರಿನವರು ಆ ನದಿಗೆ ಲೀಲಾಜನ್ ಅನ್ನುತ್ತಾರೆ. ಸ್ವಲ್ಪ ಮುಂದೆ ಮೋಹನಾ ನದಿ ಬಂದು ಕೂಡಿದ ಮೇಲೆ ಅದೇ ಫಲ್ಗು. ಸೀತೆ ಶಾಪ ಕೊಟ್ಟಳಂತೆ, ಹಾಗಾಗಿ ಫಲ್ಗುವಿನ ನೀರು ಮರಳಿನಡಿ ಹರಿಯುತ್ತದೆ ಅನ್ನುತ್ತಾರೆ. ಶಾಪವೋ ಏನೋ, ಚಳಿಗಾಲದಲ್ಲಿ ನಾನು ಕಂಡದ್ದು ಬರೀ ಮರಳು. ಶರಾವತಿ ನೋಡಿ ಬೆಳೆದವನಿಗೆ ಅದನ್ನು ಹೊಳೆ ಅನ್ನಲು ಬಾಯಿಯೇ ಬರಲಿಲ್ಲ.

ಕಲಿಸುವುದು ಗೋಯೆಂಕರ ಪದ್ಧತಿಯ ವಿಪಶ್ಯನ. ಬರ್ಮಾದಲ್ಲಿ ಹುಟ್ಟಿದ ಈ ವ್ಯಾಪಾರಿ ಅಲ್ಲೇ ಊ ಬಾ ಖಿನ್ ಎಂಬ ಸರ್ಕಾರಿ ಅಧಿಕಾರಿಯ ಹತ್ತಿರ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಶಿಬಿರ ನಡೆಸತೊಡಗಿದರು. ನಮ್ಮ ಶಿಬಿರದಲ್ಲಿ ಅವರ ಧ್ವನಿ ಟೇಪಿನಿಂದ ಬರುತ್ತಿತ್ತು, ಬಾವಿಯೊಳಗಿಂದ ಬಂದ ಹಾಗೆ. ಮುಂದೆ ಕೂತ ಆಚಾರ್ಯರು ಅದರ ಗುಂಡಿ ಒತ್ತುತ್ತಿದ್ದರು.

ಮೊದಲ ದಿನವೇ ಪಂಚಶೀಲ ತೆಗೆದುಕೊಂಡೆವು: ಕೊಲ್ಲಬಾರದು, ಕದಿಯಬಾರದು, ಸುಳ್ಳು ಹೇಳಬಾರದು, ಇತ್ಯಾದಿ. ಅದರ ಮೇಲೆ ಹತ್ತನೆಯ ದಿನದವರೆಗೆ ಆರ್ಯಮೌನ, ಅಂದರೆ ಕಣ್ಣಸನ್ನೆಯೂ ಕೂಡದು. ಬೆಳಗಿನ ಜಾವ 4ಕ್ಕೆ ಗಂಟೆ. 11ಕ್ಕೆ ಊಟ. ಸಂಜೆ 5ಕ್ಕೆ ಚಹಾ, ಒಂದು ಹಿಡಿ ಮಂಡಕ್ಕಿ, ಮತ್ತೆ ಮರುದಿನದವರೆಗೆ ಏನಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಬಳಿ ಉಸಿರು ಬಂದು ಹೋಗುವುದನ್ನು ಕಾಯುವ ಕೆಲಸ. ನಾನು ಅಲ್ಲಿ ಕಾದು ಕೂತರೆ ಅಮ್ಮನ ಒಗ್ಗರಣೆ ವಾಸನೆ ಬರುತ್ತಿತ್ತು. ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಮೈಯೊಳಗೆ ಆಗುವುದನ್ನೆಲ್ಲ ನೋಡಬೇಕು, ಒಂದು ಗಂಟೆ ಕೈಕಾಲು ಅಲುಗಿಸಬಾರದು. ಒಂದು ಮಾತು ನಿಜ: ಕೆನ್ನೆ ತುರಿಸಿತು, ಕೆರೆಯದೆ ಕೂತೆ, ತುರಿಕೆ ತಾನಾಗಿ ಹೋಯಿತು. ಇದು ನನಗೆ ಭಾರಿ ಸೋಜಿಗ. ಆದರೆ ಮಂಡಿನೋವು ಹಾಗೆ ಹೋಗುವ ಜಾತಿಯದಲ್ಲ. ಹಸಿವಂತೂ ಅಲ್ಲವೇ ಅಲ್ಲ.

ಆರನೆಯ ದಿನ ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ನದಿಗೆ ಇಳಿದುಬಿಟ್ಟೆ.

ಆಚೆ ದಡದಲ್ಲಿ ಬಕ್ರೌರ್ ಊರು, ಸುಜಾತೆಯದು. ಆರು ವರ್ಷ ಮೈ ದಂಡಿಸಿ ಎಲುಬಿನ ಗೂಡಾಗಿದ್ದ ಸಿದ್ಧಾರ್ಥನಿಗೆ ಪಾಯಸ ಕೊಟ್ಟವಳು. ನನಗೆ ಆರೇ ದಿನಕ್ಕೆ ಪಾಯಸದ ನೆನಪಾಗಿತ್ತು. ಹಿಂದೆ ಮಹಾಬೋಧಿಯ ಗೋಪುರ, ಮುಂದೆ ಮರಳು. ಅರ್ಧ ದಾರಿಯಲ್ಲಿ ಒಬ್ಬಳು ಹೆಂಗಸು ಕೂತು ಮರಳು ತೋಡುತ್ತಿದ್ದಳು. ಮೊಳಕೈ ಆಳಕ್ಕೆ ನೀರು ಜಿನುಗಿತು! ಕೆಸರು ನೀರನ್ನು ಎರಡು ಸಲ ಚೆಲ್ಲಿ, ತಿಳಿಯಾದದ್ದನ್ನು ಕೊಡಕ್ಕೆ ತುಂಬಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಹಳದಿ ಹಿಟ್ಟನ್ನು ತಟ್ಟೆಗೆ ಸುರಿದು, ಉಪ್ಪು, ಈರುಳ್ಳಿ, ಹಸಿಮೆಣಸು ಹಾಕಿ, ಅದೇ ನೀರಿನಲ್ಲಿ ಕಲಸಿದಳು. ನಾನು ಎವೆಯಿಕ್ಕದೆ ನೋಡುವುದನ್ನು ಕಂಡು ಒಂದು ಉಂಡೆ ಚಾಚಿ ಅಂದಳು: ‘ಸತ್ತು.’

ಈಗ ಮಕ್ಕಳು ಹೋ ಎಂದು ನಗುತ್ತವೆ. ಅಜ್ಜನಿಗೆ ಪಿಂಡ ಇಟ್ಟು ವಾರವಾಗಿಲ್ಲ, ಅದೇ ನೀರಿನ ಮರಳಲ್ಲಿ ಒಬ್ಬಳು ಉಂಡೆ ಹಿಡಿದು ‘ಸತ್ತು’ ಅಂದರೆ ನನಗೆ ಹೇಗಾಗಬೇಡ? ಹುರಿದ ಕಡಲೆಯ ಹಿಟ್ಟಿಗೆ ಅಲ್ಲಿ ಸತ್ತು ಅನ್ನುತ್ತಾರೆಂದು ಮಾವ ಆಮೇಲೆ ಹೇಳಿದ್ದು. ಆಗ ಅಷ್ಟೆಲ್ಲ ಯೋಚಿಸಲು ಹೊಟ್ಟೆ ಬಿಡಲಿಲ್ಲ. ತಿಂದೆ.

ಅವಳು ಏನೋ ಕೇಳಿದಳು. ಮೌನವಲ್ಲವೇ, ತಲೆ ಅಲ್ಲಾಡಿಸಿದೆ. ಇನ್ನೊಮ್ಮೆ ಕೇಳಿದಳು, ಮತ್ತೆ ಅಲ್ಲಾಡಿಸಿದೆ. ‘ಗೂಂಗಾ ಹೈ’ ಅಂದು ಲೊಚಗುಟ್ಟಿದಳು. ಮೂಕ ಅಂತ. ಕನಿಕರದಿಂದ ತನ್ನ ಪಾಲಿನ ಇನ್ನೊಂದು ಉಂಡೆಯನ್ನೂ ಕೊಟ್ಟಳು. ಅವಳು ಅಂದದ್ದು ನನಗೆ ಅರ್ಥವಾಗಿತ್ತು. ಆದರೂ ಕೈ ಚಾಚಿದೆ.

ಸಂಜೆ ಕೂತಾಗ ಮಂಡಿನೋವಿನ ನೆನಪೇ ಇಲ್ಲ, ತಟ್ಟೆಯಲ್ಲಿ ಅವಳಿಗೆ ಉಳಿದದ್ದೆಷ್ಟು ಎಂಬುದೊಂದೇ. ಆಚಾರ್ಯರ ಹತ್ತಿರ ಮಾತ್ರ ಮಾತಾಡಬಹುದಿತ್ತು. ಹೋಗಿ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಓಡಿಹೋದದ್ದಕ್ಕೆ ಬೈಯುತ್ತಾರೆ ಅಂದುಕೊಂಡಿದ್ದೆ, ಅದರ ಸುದ್ದಿಯೇ ಎತ್ತಲಿಲ್ಲ. ‘ಮೊದಲನೆಯದು ಹಸಿವಿಗೆ. ಎರಡನೆಯದು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. 6ರ ಗಂಟೆ ಬಾರಿಸಿತು, ಹೋಗಿ ಕೂತುಕೋ ಅಂದರು.

ಹತ್ತನೆಯ ದಿನ ಮೌನ ಬಿಟ್ಟಿತು. ಎಲ್ಲರೂ ಮಳೆಗಾಲದ ಕಪ್ಪೆಗಳ ಹಾಗೆ ವಟಗುಟ್ಟುತ್ತಿದ್ದರೆ ನಾನು ಮಾವ ಕೊಟ್ಟಿದ್ದ ಐದು ರೂಪಾಯಿ ಹಿಡಿದು ನದಿಗೆ ಓಡಿದೆ. ನನಗೆ ಮಾತು ಬರುತ್ತದೆ ಎಂದು ಅವಳಿಗೆ ಹೇಳಬೇಕಿತ್ತು. ಅವಳಿರಲಿಲ್ಲ. ಗುಂಡಿ ಯಾವುದೆಂದೂ ಗೊತ್ತಾಗಲಿಲ್ಲ, ಮರಳು ಮುಚ್ಚಿಹೋಗಿತ್ತು.

ಊರಿಗೆ ಬಂದು ‘ಗಯೆಯಲ್ಲಿ ಸತ್ತು ತಿಂದೆ’ ಎಂದದ್ದಕ್ಕೆ ಅಮ್ಮ ‘ಬಿಡ್ತು ಅನ್ನೋ’ ಎಂದು ಗದರಿದಳು. ಹುರಿಗಡಲೆ ಹಿಟ್ಟಿಗೆ ಈರುಳ್ಳಿ, ಮೆಣಸು ಹಾಕಿ ಆಮೇಲೆ ಎಷ್ಟೋ ಸಲ ಕಲಸಿ ನೋಡಿದ್ದೇನೆ. ಆ ರುಚಿ ಬರುವುದಿಲ್ಲ.