ಮೈನಸ್ ಘಾತಕ್ಕೆ ಹೆದರಬೇಡಿ

ಎಂಟನೇ ಕ್ಲಾಸಿನ ಮಕ್ಕಳಿಗೆ 2⁻³ ಎಷ್ಟು ಅಂತ ಕೇಳಿ ನೋಡಿ. "ಮೈನಸ್ ಎಂಟು" ಅಂತ ತಟ್ಟನೆ ಹೇಳುವವರು ಕಡಿಮೆಯಿಲ್ಲ. ಸರಿಯುತ್ತರ ಎಂಟರಲ್ಲೊಂದು ಭಾಗ, 1/8.

ನಿಯಮ ಬಾಯಿಪಾಠ ಮಾಡಿಸುವ ಮೊದಲು ಒಂದು ಸಾಲು ಬರೆಸಿ: 2³ = 8, 2² = 4, 2¹ = 2. ಘಾತಾಂಕ ಒಂದು ಇಳಿದಾಗಲೆಲ್ಲ ಬೆಲೆ ಅರ್ಧವಾಗುತ್ತದೆ. ಹಾಗೇ ಮುಂದುವರಿದರೆ 2⁰ = 1, 2⁻¹ = 1/2, 2⁻² = 1/4. ಘಾತಾಂಕ ಸೊನ್ನೆಯಾದಾಗ ಬೆಲೆ ಒಂದು ಯಾಕೆ ಅನ್ನುವ ಹಳೇ ತಕರಾರೂ ಇಲ್ಲೇ ಬಗೆಹರಿಯಿತು. ಎಷ್ಟು ಇಳಿದರೂ ಬೆಲೆ ಸೊನ್ನೆ ಮುಟ್ಟುವುದಿಲ್ಲ, ಮೈನಸ್ ಅಂತೂ ಆಗುವುದೇ ಇಲ್ಲ.

ಭಾಗಿಸುವಾಗ ಘಾತಾಂಕ ಕಳೆಯುವುದೂ ಇದೇ ಕತೆ. 2³ ÷ 2⁵ ಅಂದರೆ ಮೇಲೆ ಮೂರು ಸಲ ಎರಡು, ಕೆಳಗೆ ಐದು ಸಲ. ಮೂರು ಹೊಡೆದುಹೋದ ಮೇಲೆ ಕೆಳಗೆ ಉಳಿಯುವುದು ಎರಡು ಸಲ. 3 − 5 = −2; ಅದೇ 2⁻².

ಊರಿನ ಉದಾಹರಣೆ ಬೇಕಾದರೆ ಕಾಪು ಬೀಚಿಗೆ ಹೋಗಿ. ಅಲ್ಲಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಅದರ ಬೆಳಕು ಕಡಲಿನಲ್ಲಿ ಎರಡು ಪಟ್ಟು ದೂರ ಹೋದರೆ ತೀವ್ರತೆ 2⁻², ಅಂದರೆ ಕಾಲು ಭಾಗ. ಹತ್ತು ಪಟ್ಟು ಹೋದರೆ 10⁻², ನೂರರಲ್ಲೊಂದು. ಮಂಜು, ಧೂಳು ತಿನ್ನುವುದು ಬೇರೆ ಲೆಕ್ಕ. ಮಣಿಪಾಲದ ಲ್ಯಾಬುಗಳಲ್ಲಿ ಸೂಕ್ಷ್ಮದರ್ಶಕದಡಿ ರಕ್ತಕಣ ನೋಡುವವರಿಗೆ 10⁻⁶ ಮೀಟರ್, ಅಂದರೆ ಮೈಕ್ರಾನ್, ದಿನನಿತ್ಯದ ಅಳತೆ.

ಮೇಷ್ಟ್ರೇ, ಟೀಚರೇ, ಆ ಸಾಲನ್ನು ಮಕ್ಕಳ ಕೈಯಲ್ಲೇ ಬರೆಸಿ. ನಿಯಮ ಅವರೇ ಹೇಳುತ್ತಾರೆ.