ಅಂಗ್ಕೋರ್‌ನಲ್ಲಿ ದಾರಿ ತಪ್ಪಿದ ಅಜ್ಜಿ

ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಬೆಳಗಿನ ಸೂರ್ಯನಿಗೆ ಮುಖ ಮಾಡಿ. ಎದುರಿಗೆ ಪೂರ್ವ, ಬೆನ್ನಿಗೆ ಪಶ್ಚಿಮ, ಎಡಗೈಗೆ ಉತ್ತರ, ಬಲಗೈಗೆ ದಕ್ಷಿಣ" ಎಂದು 32 ವರ್ಷ ಹೇಳಿಕೊಟ್ಟವಳು ನಾನು. ಅಂಥ ನಾನೇ ಕಳೆದ ದಸರಾ ರಜೆಯಲ್ಲಿ ಪರದೇಶದ ಗುಡಿಯೊಂದರಲ್ಲಿ ದಾರಿ ತಪ್ಪಿ, ಒಂದು ಬಸ್ಸಿನಷ್ಟು ಜನರನ್ನು ಬಿಸಿಲಲ್ಲಿ ಕಾಯಿಸಿದೆ. ನಾಚಿಕೆಯ ಕಥೆ ಹೌದು. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಸರಿದಾರಿಗೆ ತಂದದ್ದು ಐದನೇ ಕ್ಲಾಸಿನ ಹುಡುಗಿ.

ಅವಳು ನನ್ನ ಮೊಮ್ಮಗಳು ಪುಟ್ಟಿ. ಅವಳು, ನನ್ನ ಮಗಳು ಮತ್ತು ನಾನು ಬೆಂಗಳೂರಿನಿಂದ ಎಂಟು ದಿನದ ಗುಂಪು ಪ್ರವಾಸಕ್ಕೆ ಹೊರಟಿದ್ದೆವು. ಮೊದಲು ವಿಯೆಟ್ನಾಂ, ಆಮೇಲೆ ಪಕ್ಕದ ಕಾಂಬೋಡಿಯಾ. ಒಟ್ಟು 26 ಜನ. ಎಲ್ಲರಿಗಿಂತ ಚಿಕ್ಕವಳು ಪುಟ್ಟಿ, ಅವಳಿಗೆ ಹತ್ತು. ಎಲ್ಲರಿಗಿಂತ ದೊಡ್ಡವಳು ನಾನು, ನನಗೆ ಎಪ್ಪತ್ತೊಂದು. ಕಿತ್ತಳೆ ಬಣ್ಣದ ಬಾವುಟ ಹಿಡಿದ ಟೂರ್ ಮ್ಯಾನೇಜರ್ ಹಿಂದೆ ನಾವೆಲ್ಲ ಬಾತುಕೋಳಿಗಳ ಹಾಗೆ ಸಾಲಾಗಿ ನಡೆಯಬೇಕು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಯಾರಾದರೂ ಎರಡು ನಿಮಿಷ ತಡ ಮಾಡಿದರೆ ಸಾಕು, ಮಾತಾಡದೆ ಕೈಗಡಿಯಾರ ನೋಡುತ್ತಿದ್ದರು. ಅವರ ಆ ನೋಟಕ್ಕೆ ನಾವೆಲ್ಲ ಹೆದರುತ್ತಿದ್ದೆವು.

ವಿಮಾನ ಇಳಿದ ಕೂಡಲೇ ಗಡಿಯಾರವನ್ನು ಒಂದೂವರೆ ಗಂಟೆ ಮುಂದೆ ತಿರುಗಿಸಿಕೊಂಡೆವು. ಎರಡೂ ದೇಶಗಳಲ್ಲಿ ಒಂದೇ ಸಮಯ. ಹೋ ಚಿ ಮಿನ್ ನಗರದ ಬೀದಿಯಲ್ಲಿ ಮೋಟಾರ್ ಬೈಕುಗಳದ್ದೇ ಹೊಳೆ. ಅದನ್ನು ದಾಟುವುದು ಹೇಗೆಂದು ಅಲ್ಲಿನ ಗೈಡ್ ಕಲಿಸಿಕೊಟ್ಟಳು: "ಓಡಬೇಡಿ, ನಿಲ್ಲಬೇಡಿ, ಹಿಂದೆ ಸರಿಯಬೇಡಿ. ಒಂದೇ ಸಮನೆ ನಿಧಾನವಾಗಿ ನಡೆಯಿರಿ. ಅವರೇ ಬಳಸಿಕೊಂಡು ಹೋಗುತ್ತಾರೆ." ಹಾಗೇ ಆಯಿತು. ವಾಹನಗಳು ರಸ್ತೆಯ ಬಲಗಡೆ ಓಡುವುದರಿಂದ ನಾವು ಮೊದಲು ನೋಡಬೇಕಾದ್ದು ಎಡಕ್ಕೆ. ನನ್ನ ಕುತ್ತಿಗೆ ಮಾತ್ರ ಅಭ್ಯಾಸಬಲದಿಂದ ಬಲಕ್ಕೇ ತಿರುಗುತ್ತಿತ್ತು. ಅಲ್ಲಿನ ದುಡ್ಡು ಡಾಂಗ್. ಒಂದು ಎಳನೀರಿಗೆ ಮೂವತ್ತು ಸಾವಿರ! ಪುಟ್ಟಿ ಐದು ಲಕ್ಷದ ನೋಟು ಹಿಡಿದು "ಅಜ್ಜಿ, ನಾನು ಲಕ್ಷಾಧಿಪತಿ" ಎಂದು ಕುಣಿದಳು. ಸಸ್ಯಾಹಾರಿಗಳಾದ ನಾವು ಕಲಿತ ಮೊದಲ ಶಬ್ದ 'ಚಾಯ್'. ಟೀ ಅಲ್ಲ! ಅಲ್ಲಿ ಚಾಯ್ ಎಂದರೆ ಸಸ್ಯಾಹಾರ. ಹುಣ್ಣಿಮೆ, ಅಮಾವಾಸ್ಯೆಯ ದಿನ ಅಲ್ಲಿನ ಎಷ್ಟೋ ಬೌದ್ಧರು ಚಾಯ್ ಊಟವನ್ನೇ ಮಾಡುತ್ತಾರೆ.

ಮಾರನೆಯ ದಿನ ಕು ಚಿ ಸುರಂಗಗಳು. ಯುದ್ಧದ ಕಾಲದಲ್ಲಿ ಹಳ್ಳಿಯ ಜನ, ಸೈನಿಕರು ಬಾಂಬಿನಿಂದ ತಪ್ಪಿಸಿಕೊಳ್ಳಲು ನೆಲದಡಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ಸುರಂಗ ತೋಡಿದ್ದರು. ಒಳಗೆ ಮಲಗುವ ಜಾಗ, ಆಸ್ಪತ್ರೆ, ಅಡುಗೆಮನೆ ಎಲ್ಲ ಇದ್ದವು. ಒಲೆಯ ಹೊಗೆ ಒಂದೇ ಕಡೆ ಎದ್ದರೆ ವಿಮಾನಕ್ಕೆ ಗುರುತು ಸಿಗುತ್ತದಲ್ಲ, ಅದಕ್ಕೇ ಮಣ್ಣಿನ ಕಾಲುವೆಗಳಲ್ಲಿ ಹಾಯಿಸಿ ದೂರದಲ್ಲಿ ತೆಳ್ಳಗೆ ಬಿಡುತ್ತಿದ್ದರಂತೆ. ಪ್ರವಾಸಿಗರಿಗೆಂದು ಅಗಲ ಮಾಡಿದ ತುಂಡಿನಲ್ಲಿ ಪುಟ್ಟಿ ಬಗ್ಗಿಕೊಂಡು ಹೋಗಿ ಬಂದಳು. ನಾನು ಮೇಲೆ ಕೂತು, ಅವರು ಆಗ ತಿನ್ನುತ್ತಿದ್ದ ಬೇಯಿಸಿದ ಮರಗೆಣಸನ್ನು ಶೇಂಗಾಪುಡಿಯಲ್ಲಿ ಅದ್ದಿ ತಿಂದೆ.

ಆಮೇಲೆ ಮೆಕಾಂಗ್ ನದಿ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಆರು ದೇಶ ನೋಡಿಕೊಂಡು ಬರುವ ಈ ನದಿ ವಿಯೆಟ್ನಾಮಿನಲ್ಲಿ ಸಮುದ್ರ ಸೇರುತ್ತದೆ. ಕವಲು ಕವಲಾಗಿ ಒಡೆಯುವುದರಿಂದ ಅಲ್ಲಿನವರು ಇದನ್ನು ಒಂಬತ್ತು ಡ್ರ್ಯಾಗನ್‌ಗಳ ನದಿ ಎನ್ನುತ್ತಾರೆ. ತೆಂಗಿನ ನಡುವಿನ ಕಾಲುವೆಯಲ್ಲಿ ಸಣ್ಣ ದೋಣಿ, ತಲೆಗೆ ಗೋಪುರದಂಥ ಟೋಪಿ, ಬಾಯಿಗೆ ತೆಂಗಿನ ಮಿಠಾಯಿ. ಆ ದಿನ ಯಾರೂ ಗಡಿಯಾರ ನೋಡಲಿಲ್ಲ.

ಮೂರನೆಯ ದಿನ ಬಸ್ಸಿನಲ್ಲೇ ಗಡಿ ದಾಟಿದೆವು. ಮೋಕ್ ಬಾಯ್ ಎಂಬಲ್ಲಿ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಮುಂದೆ ಹೋದರೆ ಬಾವೆಟ್, ಕಾಂಬೋಡಿಯಾ! ವಿಯೆಟ್ನಾಮಿನ ಗೈಡ್ ಕೈಬೀಸಿ ಹಿಂತಿರುಗಿದಳು. ಅತ್ತ ಕಡೆ ನಲವತ್ತರ ಆಸುಪಾಸಿನ ಹೊಸ ಗೈಡ್ ನಮ್ಮ ಹಾಗೆಯೇ ಕೈಮುಗಿದು ನಿಂತಿದ್ದ. ಗಡಿಯ ಆಚೆಗೆ ಬೋರ್ಡುಗಳೂ ಬದಲಾದವು. ವಿಯೆಟ್ನಾಮಿನಲ್ಲಿ ಎಲ್ಲ ಇಂಗ್ಲಿಷ್ ಅಕ್ಷರಗಳೇ, ಮೇಲೆ ಕೆಳಗೆ ಚುಕ್ಕಿ ಗೆರೆಗಳು. ಇಲ್ಲಿ ಗುಂಡಗೆ ಸುರುಳಿ ಸುತ್ತಿದ ಖ್ಮೇರ್ ಲಿಪಿ. ಪುಟ್ಟಿ ನೋಟೊಂದನ್ನು ತಿರುಗಿಸಿ ನೋಡುತ್ತಾ, "ಅಜ್ಜಿ, ಇಲ್ಲಿ ಕನ್ನಡ ಅಂಕಿ ಇದೆ!" ಎಂದಳು. ನನ್ನ ಕನ್ನಡಕ ಏರಿಸಿ ನೋಡಿದೆ. ಅವರ ಒಂದು, ಎರಡು, ಮೂರು ನಮ್ಮ ೧, ೨, ೩ರ ಅಣ್ಣತಮ್ಮಂದಿರ ಹಾಗೇ ಇವೆ. ಆಶ್ಚರ್ಯವೇನಿಲ್ಲ. ನಮ್ಮ ಲಿಪಿಯ ಮೂಲ ಬ್ರಾಹ್ಮಿ. ಅದೇ ಬ್ರಾಹ್ಮಿಯಿಂದ ಬಂದ ದಕ್ಷಿಣ ಭಾರತದ ಪಲ್ಲವ ಲಿಪಿ ಹಡಗಿನಲ್ಲಿ ಸಮುದ್ರ ದಾಟಿ ಖ್ಮೇರ್ ಆಯಿತು.

ರಾಜಧಾನಿ ನೋಮ್ ಪೆನ್‌ನಲ್ಲಿ ನದಿಗಳು ಕೂಡಿ ನಾಲ್ಕು ಕವಲಾಗುವ ಜಾಗಕ್ಕೆ 'ಚಾಕ್ತೊಮುಕ್' ಎಂದು ಹೆಸರು. ನಿಧಾನವಾಗಿ ಹೇಳಿ ನೋಡಿ, ಅದು ನಮ್ಮ ಚತುರ್ಮುಖ! ಅಲ್ಲಿ ಸೇರುವ ತೊನ್ಲೆ ಸಾಪ್ ನದಿಯದು ಇನ್ನೊಂದು ಸೋಜಿಗ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಈ ನದಿ ಹಿಂದಕ್ಕೆ ಹರಿದು, ಮೇಲಿರುವ ದೊಡ್ಡ ಸರೋವರವನ್ನು ತುಂಬಿಸುತ್ತದೆ. ಸರೋವರ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಮಳೆ ನಿಂತ ಮೇಲೆ ನದಿ ಮತ್ತೆ ದಿಕ್ಕು ಬದಲಿಸುತ್ತದೆ. ಆಗ ದೋಣಿ ಓಟದ ಹಬ್ಬ.

ಹಳೆಯ ಹೈಸ್ಕೂಲ್ ಒಂದನ್ನು ಅಲ್ಲಿ ಮ್ಯೂಸಿಯಂ ಮಾಡಿದ್ದಾರೆ. ದೊಡ್ಡವರಲ್ಲಿ ಕೆಲವರು ಹೋದರು. ಪುಟ್ಟಿ ಮತ್ತು ನಾನು ಹೊರಗೆ ಕೂತೆವು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬವರ ಆಳ್ವಿಕೆಯಲ್ಲಿ ಊರುಗಳನ್ನು ಖಾಲಿ ಮಾಡಿಸಿದರು, ಶಾಲೆಗಳನ್ನು ಮುಚ್ಚಿದರು, ದುಡ್ಡನ್ನೇ ರದ್ದು ಮಾಡಿದರು. 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಈ ಶಾಲೆ ಆಗ ಜೈಲಾಗಿತ್ತು. "ಶಾಲೆ ಯಾಕೆ ಮುಚ್ಚಿದರು?" ಎಂದು ಪುಟ್ಟಿ ಕೇಳಿದಳು. ನಮ್ಮ ಗೈಡ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಓದಿದವರು ಪ್ರಶ್ನೆ ಕೇಳುತ್ತಾರೆ, ಅದಕ್ಕೆ. ನನ್ನ ಅಜ್ಜ ಮೇಷ್ಟರು. ಒಂದು ದಿನ ಕರೆದುಕೊಂಡು ಹೋದರು, ಮರಳಿ ಬರಲಿಲ್ಲ." ನಾನೂ ಮೇಷ್ಟರ ಕೆಲಸ ಮಾಡಿದವಳು ಎಂದು ತಿಳಿದ ಮೇಲೆ ಅವನು ನನ್ನನ್ನು 'ನೆಕ್ ಕ್ರೂ' ಎಂದೇ ಕರೆಯತೊಡಗಿದ. ಕ್ರೂ ಎಂದರೆ ಗುರು. ನಮ್ಮ ಪದವೇ.

ಈಗ ಬಂತು ನನ್ನ ಕಥೆ. ಸಿಯೆಮ್ ರೀಪ್ ಊರಿನಲ್ಲಿ ನಾಲ್ಕೂವರೆಗೆ ಎಬ್ಬಿಸಿ ಅಂಗ್ಕೋರ್ ವಾಟ್‌ಗೆ ಕರೆದೊಯ್ದರು. ಬಸ್ಸಿನಲ್ಲಿ ಗೈಡ್ ಏನೋ ವಿವರಿಸುತ್ತಿದ್ದ, ಪುಟ್ಟಿಯೂ ನಾನೂ ನಿದ್ದೆಯಲ್ಲಿದ್ದೆವು. 190 ಮೀಟರ್ ಅಗಲದ ಕಂದಕವನ್ನು ಕತ್ತಲಲ್ಲಿ ದಾಟಿ, ಕೊಳದ ದಂಡೆಯಲ್ಲಿ ನಿಂತೆವು. ಮೋಡದ ಹಿಂದೆ ಕೆಂಪಾಯಿತು. ಗುಡಿಯ ಗೋಪುರಗಳು ಕಪ್ಪಗೆ ಮೂಡಿ, ಅವುಗಳ ಬೆನ್ನಿನಿಂದ ಸೂರ್ಯ ಎದ್ದ. ನೀರಿನಲ್ಲೂ ಅದೇ ಚಿತ್ರ ತಲೆಕೆಳಗಾಗಿ.

ಇದನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಒಬ್ಬರನ್ನೊಬ್ಬರು ನೋಡದ ಇಬ್ಬರು ರಾಜರು ಒಂದೇ ಕಾಲದಲ್ಲಿ ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದರು! ನಮ್ಮದು ಬಳಪದ ಕಲ್ಲು, ಅವರದು ಕುಲೇನ್ ಬೆಟ್ಟದಿಂದ ತಂದ ಮರಳುಗಲ್ಲು. ಮುಂದೆ ಇದು ಬೌದ್ಧರ ಗುಡಿಯಾಯಿತು. ಈಗಲೂ ಕೇಸರಿ ಬಟ್ಟೆಯ ಭಿಕ್ಷುಗಳು ಬರುತ್ತಾರೆ. ಕಾಂಬೋಡಿಯಾದ ಬಾವುಟದಲ್ಲೂ ಈ ಗುಡಿಯದೇ ಚಿತ್ರ.

ಎಲ್ಲಕ್ಕಿಂತ ಎತ್ತರದ ಅಂತಸ್ತು ಬಾಕನ್. ಅದರ ಮೆಟ್ಟಿಲು ಏಣಿಯಷ್ಟೇ ಕಡಿದು. 12 ವರ್ಷದೊಳಗಿನ ಮಕ್ಕಳನ್ನು ಅಲ್ಲಿಗೆ ಬಿಡುವುದಿಲ್ಲ. ನನ್ನ ಮಂಡಿ ನನ್ನನ್ನು ಬಿಡಲಿಲ್ಲ. ಎಲ್ಲರಿಗಿಂತ ಚಿಕ್ಕವಳೂ ಎಲ್ಲರಿಗಿಂತ ದೊಡ್ಡವಳೂ ಕೆಳಗೇ ಉಳಿದೆವು. "ಇಲ್ಲೇ ಸುತ್ತಮುತ್ತ ಇರಿ. ಒಂಬತ್ತಕ್ಕೆ ಮುಂಬಾಗಿಲಿನ ಹತ್ತಿರ ಎಲ್ಲರೂ ಸೇರೋಣ" ಎಂದು ಹೇಳಿ ಮಗಳು ಹತ್ತಿಹೋದಳು.

ನಾವು ಕೆಳಗಿನ ಪ್ರಾಕಾರಕ್ಕೆ ಬಂದೆವು. ಅಲ್ಲಿ ಸಮುದ್ರಮಥನ! ಸುಮಾರು ಐವತ್ತು ಮೀಟರ್ ಉದ್ದದ ಗೋಡೆಯ ತುಂಬ ಒಂದೇ ಚಿತ್ರ. ನಡುವೆ ಮಂದರ ಪರ್ವತ, ಆಮೆ, ವಿಷ್ಣು. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ಎಲ್ಲರ ಕೈಯಲ್ಲೂ ವಾಸುಕಿ. ಬಾಲದ ತುದಿಯಲ್ಲಿ ಹನುಮಂತ! ನಾನು ಹೇಳುವ ಕಥೆಯಲ್ಲಿ ಹನುಮಂತ ಅಲ್ಲಿಲ್ಲ. ಅವರ ಕಥೆಯಲ್ಲಿ ಇದ್ದಾನೆ, ಬಾಲ ಬಿಗಿಯಾಗಿ ಹಿಡಿದಿದ್ದಾನೆ. ಪುಟ್ಟಿ ಎಣಿಸಲು ಶುರುಮಾಡಿದಳು. ದೇವತೆಗಳು 88. ಅಸುರರನ್ನು ಎಣಿಸುವಾಗ ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದಳು. 92. ಅಷ್ಟರಲ್ಲಿ ಒಂಬತ್ತಾಗಿತ್ತು.

"ಅಜ್ಜಿ, ಯಾವ ಕಡೆ?"

"ಅದನ್ನು ಕೇಳಬೇಕೇನೇ? ಗುಡಿಯ ಮಹಾದ್ವಾರ ಅಂದರೆ ಪೂರ್ವಕ್ಕೆ. ಬೇಲೂರಿನಲ್ಲೂ ಹಾಗೇ ಅಲ್ಲವಾ? ಸೂರ್ಯ ಎದುರಿಗೆ ಇದ್ದಾನೆ ನೋಡು, ಇದೇ ದಾರಿ" ಎಂದು ಅವಳ ಕೈಹಿಡಿದು ಧೈರ್ಯವಾಗಿ ಇಳಿದೆ.

ನಡೆದೆವು. ಎರಡೂ ಕಡೆ ಕಾಡು. ಜೀರುಂಡೆಗಳ ಸದ್ದು. ಅಂಗಡಿಯಿಲ್ಲ, ಗುಂಪಿಲ್ಲ, ಕಿತ್ತಳೆ ಬಾವುಟವಿಲ್ಲ. ಕಲ್ಲಿನ ದಾರಿ ಹೋಗಿ ಮಣ್ಣಿನ ದಾರಿ ಬಂತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಫೋನು ಹೋಟೆಲಿನಲ್ಲಿ ಚಾರ್ಜಿಗೆ ಹಾಕಿ ಮರೆತುಬಂದಿದ್ದೆ. ಮಗಳು ಕೆಳಗಿಳಿದು ಹುಡುಕುತ್ತಿರುತ್ತಾಳೆ. ಪರದೇಶ, ಕೈಯಲ್ಲಿ ಅವಳ ಮಗು. "ಇನ್ನೇನು ಬಂತು" ಎಂದು ಪುಟ್ಟಿಗೆ ಎರಡು ಸಲ ಸುಳ್ಳು ಹೇಳಿದೆ.

ಪುಟ್ಟಿ ನಿಂತುಬಿಟ್ಟಳು. "ಅಜ್ಜಿ, ಬೆಳಿಗ್ಗೆ ಸೂರ್ಯ ಗುಡಿಯ ಹಿಂದಿನಿಂದ ಬಂದ ಅಲ್ವಾ?"

"ಹೌದು."

"ಹಾಗಾದರೆ ಗುಡಿಯ ಹಿಂಭಾಗ ಪೂರ್ವ. ನಾವು ಮುಂದೆ ನಿಂತಿದ್ದೆವು. ಮುಂದೆ ಅಂದರೆ ಪಶ್ಚಿಮ. ನಾವೀಗ ಹಿಂಬಾಗಿಲಿನಿಂದ ಹೊರಗೆ ಬಂದಿದ್ದೀವಿ."

ನಾನು ದಾರಿಯ ಮಧ್ಯೆಯೇ ನಿಂತೆ. ದಿಕ್ಕು ನನಗೆ ಗೊತ್ತಿತ್ತು. ಗುಡಿಯ ಮುಖ ಯಾವ ಕಡೆಗಿದೆ ಎಂದು ಕಣ್ಣಾರೆ ಕಂಡೂ ನೋಡಿರಲಿಲ್ಲ. ಮೊದಲೇ ಗೊತ್ತಿದೆ ಎಂದುಕೊಂಡರೆ ಹೀಗೇ ಆಗುತ್ತದೆ.

ಮತ್ತೆ ಅಷ್ಟು ದೂರ ಹಿಂದಕ್ಕೆ ನಡೆಯಲು ಮಂಡಿ ಒಪ್ಪಲಿಲ್ಲ. ಎಲೆ ಗುಡಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ಬಂದಳು. ಅವಳಿಗೆ ಇಂಗ್ಲಿಷ್ ಬಾರದು, ನಮಗೆ ಖ್ಮೇರ್ ಬಾರದು. ಪುಟ್ಟಿ ಕೊರಳಿನ ಟ್ಯಾಗ್ ತೋರಿಸಿದಳು. ಅದರಲ್ಲಿ ಗೈಡ್‌ನ ನಂಬರ್ ಇತ್ತು. ಆಕೆ ತನ್ನ ಫೋನಿನಿಂದಲೇ ಮಾತಾಡಿದಳು. ನನ್ನನ್ನು 'ಯಾಯ್' ಎಂದು ಕರೆದು ನೆರಳಿನಲ್ಲಿ ಕೂರಿಸಿ ನೀರು ಕೊಟ್ಟಳು. ಯಾಯ್ ಎಂದರೆ ಅಜ್ಜಿ. ದುಡ್ಡು ಕೊಡಹೋದರೆ ತಲೆಯಾಡಿಸಿದಳು. ಕೈಮುಗಿದೆ, ಅದು ಮಾತ್ರ ಇಬ್ಬರಿಗೂ ಗೊತ್ತಿದ್ದ ಭಾಷೆ. ಸ್ವಲ್ಪ ಹೊತ್ತಿಗೆ ಗೈಡ್ ಆಟೋದಂಥ ಗಾಡಿಯಲ್ಲಿ ಬಂದು, ಕಂದಕವನ್ನು ಸುತ್ತುಹಾಕಿಸಿ ಪಶ್ಚಿಮದ ಬಾಗಿಲಿಗೆ ಕರೆದೊಯ್ದ.

ಮಗಳು ಪುಟ್ಟಿಯನ್ನು ಅಪ್ಪಿಕೊಂಡಳು, ನನ್ನ ಕಡೆ ನೋಡಿ "ಅಮ್ಮಾ!" ಎಂದಷ್ಟೇ ಹೇಳಿ ಅತ್ತಳು. ಬೈದಿದ್ದರೆ ಚೆನ್ನಾಗಿತ್ತು. ನಲವತ್ತು ನಿಮಿಷ ತಡ. ನಾನು ಬಸ್ಸಿನಲ್ಲಿ ಎದ್ದುನಿಂತು ಎಲ್ಲರ ಕ್ಷಮೆ ಕೇಳಿದೆ. ನೆಪ ಹೇಳಲಿಲ್ಲ, ಪುಟ್ಟಿ ಹೇಗೆ ದಾರಿ ಕಂಡುಹಿಡಿದಳು ಎಂಬುದನ್ನು ಹೇಳಿದೆ. ಬ್ಯಾಂಕಿನ ಹಿರಿಯರು ಗಡಿಯಾರ ನೋಡಲಿಲ್ಲ. "ನಾನೂ ಪೂರ್ವ ಅಂತಲೇ ತಿಳಿದಿದ್ದೆ ಮೇಡಂ" ಎಂದರು.

ಗೈಡ್ ನಕ್ಕು, ಬೆಳಿಗ್ಗೆ ನಾವು ನಿದ್ದೆಯಲ್ಲಿ ಕಳೆದುಕೊಂಡ ಪಾಠವನ್ನು ಮತ್ತೆ ಹೇಳಿದ. ಖ್ಮೇರ್ ಗುಡಿಗಳು ಹೆಚ್ಚಾಗಿ ಪೂರ್ವಕ್ಕೇ ಇರುತ್ತವೆ, ಇದು ಮಾತ್ರ ಪಶ್ಚಿಮಕ್ಕೆ. ಪಶ್ಚಿಮ ವಿಷ್ಣುವಿನ ದಿಕ್ಕು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ರಾಜನ ಮರಣಾನಂತರದ ಸ್ಮಾರಕವೂ ಆಗಬೇಕೆಂದು ಹಾಗೆ ಕಟ್ಟಿದರು ಎಂದು ಕೆಲವರು. "ನೆಕ್ ಕ್ರೂ, ಇವತ್ತು ನಿಮ್ಮ ಮೊಮ್ಮಗಳು ಕ್ರೂ" ಎಂದು ಪುಟ್ಟಿಗೆ ಕೈಮುಗಿದ.

ಮಧ್ಯಾಹ್ನ ಮರದ ಬೇರುಗಳು ಗೋಡೆಯನ್ನು ಹೆಬ್ಬಾವಿನ ಹಾಗೆ ಸುತ್ತಿಕೊಂಡಿರುವ ತಾ ಪ್ರೋಮ್ ನೋಡಿದೆವು. ತಾ ಎಂದರೆ ತಾತ, ಪ್ರೋಮ್ ಎಂದರೆ ಬ್ರಹ್ಮ. ಅದರ ದುರಸ್ತಿಗೆ ನಮ್ಮ ಭಾರತೀಯ ಪುರಾತತ್ವ ಇಲಾಖೆಯೂ ಕೈಜೋಡಿಸಿದೆ. ನನ್ನ ತಪ್ಪಿನಿಂದ ಅಲ್ಲಿ ಸಿಕ್ಕ ಸಮಯ ಕಡಿಮೆ. ಪುಟ್ಟಿ ಇಡೀ ಹೊತ್ತು ನನ್ನ ಕೈ ಬಿಡಲಿಲ್ಲ. ಯಾರು ಯಾರನ್ನು ಹಿಡಿದುಕೊಂಡಿದ್ದರು ಎಂದು ಕೇಳಬೇಡಿ.

ಊರಿಗೆ ಬಂದ ಮೇಲೆ ಶನಿವಾರ ಸಂಜೆ ನಮ್ಮ ಬೀದಿಯ ಹನುಮಂತನ ಗುಡಿಗೆ ಹೋದೆವು. ನಾನು ಮೂವತ್ತು ವರ್ಷದಿಂದ ಹೋಗುತ್ತಿರುವ ಗುಡಿ. ಚಪ್ಪಲಿ ಬಿಡುತ್ತಾ ಪುಟ್ಟಿ ಕೇಳಿದಳು: "ಅಜ್ಜಿ, ಇದರ ಮುಖ ಯಾವ ಕಡೆ?"

ಈ ಸಲ ನಾನು ಬಾಯಿ ತೆರೆಯುವ ಮೊದಲು ತಲೆಯೆತ್ತಿ ಸೂರ್ಯ ಎಲ್ಲಿದ್ದಾನೆಂದು ನೋಡಿದೆ.