ಕಡಲಿನ ನೀರುಗಂಟಿ

ಮಲಗುವ ಮುನ್ನ ಎರಡು ಸಲ ಎದ್ದು ಬಾಗಿಲಿನ ಅಗಳಿಯನ್ನು ಪರೀಕ್ಷಿಸುವುದು ನನ್ನ ಹಳೆಯ ಚಾಳಿ. ಮನೆಯವರಿಗೆ ಇದು ನಿತ್ಯದ ನಗೆಯ ವಸ್ತು. ಆದರೆ ಸೈಥೆನಿನ್ ಎಂಬವನ ಕಥೆಯನ್ನು ಓದಿದ ಮೇಲೆ ಆ ಚಾಳಿಗಾಗಿ ನಾನು ನಾಚುವುದನ್ನು ಬಿಟ್ಟಿದ್ದೇನೆ.

ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಸೀಮೆಯಲ್ಲಿ ಕಾರ್ಡಿಗನ್ ಕೊಲ್ಲಿಯಿದೆ. ಅದರ ತಳದಲ್ಲಿ ಹಿಂದೆ ‘ಕಾಂತ್ರೆರ್ ಗ್ವೈಲೋದ್’, ಎಂದರೆ ತಗ್ಗಿನ ನಾಡು, ಇತ್ತೆಂದು ಕೆಲ್ಟ್ ಜನರ ಐತಿಹ್ಯ. ಕಡಲನ್ನು ತಡೆದಿದ್ದುದು ಒಂದು ಒಡ್ಡು. ಅದರ ತೂಬು ಕಾಯುವ ನೀರುಗಂಟಿಯೇ ಸೈಥೆನಿನ್. ಒಂದು ರಾತ್ರಿ ಅವನು ಕುಡಿದು ಮೈಮರೆತ. ಬೆಳಗಾಗುವಷ್ಟರಲ್ಲಿ ನಾಡೇ ಇರಲಿಲ್ಲ. ನೀರಿನಡಿಯ ಗಂಟೆಗಳ ನಾದ ಇಂದಿಗೂ ಕೇಳಿಸುವುದೆಂದು ಹೇಳುವವರುಂಟು. ಫ್ರಾನ್ಸಿನ ಬ್ರಿಟನಿಯಲ್ಲಿ ಹೇಳುವ ಈಸ್ ನಗರದ ಕಥೆಯೂ ಇಂಥದೇ. ಅಲ್ಲಿ ರಾಜಕುಮಾರಿ ದಾಹುತ್ ತಂದೆಯ ಬೀಗದ ಕೈಯನ್ನು ಕದ್ದಳು. ಕಡಲು ಒಳಗೆ ನುಗ್ಗಿತು.

ಇಂಥ ಅಲೆ ಆಂಗ್ಲ ಲೇಖಕ ಟೋಲ್ಕೀನರ ನಿದ್ದೆಯನ್ನೂ ಹೊಕ್ಕಿತ್ತು. ಹಸಿರು ನೆಲದ ಮೇಲೆ ಏರಿಬರುವ ಹೆದ್ದೆರೆಯ ಕನಸು ಅವರಿಗೆ ಮತ್ತೆ ಮತ್ತೆ ಬೀಳುತ್ತಿತ್ತಂತೆ. ಅವರು ಗತಿಸಿದ ಮೇಲೆ, 1977ರಲ್ಲಿ ಪ್ರಕಟವಾದ ‘ಸಿಲ್ಮರಿಲಿಯನ್’ ಗ್ರಂಥದಲ್ಲಿ ನೂಮೆನೋರ್ ಎಂಬ ದ್ವೀಪ ಮುಳುಗುತ್ತದೆ. ಅಲ್ಲಿಯೂ ತಪ್ಪಿತಸ್ಥನೊಬ್ಬನಿದ್ದಾನೆ: ಸಾವನ್ನೇ ಗೆಲ್ಲಹೊರಟ ಅರಸ.

ಕಾರ್ಡಿಗನ್ ಕೊಲ್ಲಿಯ ಬೋರ್ತ್ ದಂಡೆಯಲ್ಲಿ, ಕಡಲು ಇಳಿದಾಗ, ಪುರಾತನ ಕಾಡೊಂದರ ಬೊಡ್ಡೆಗಳು ಕಾಣುತ್ತವೆ. 2014ರ ಬಿರುಗಾಳಿಗಳು ಮರಳನ್ನು ಕೊಚ್ಚಿದಾಗ ಇನ್ನಷ್ಟು ಹೊರಬಿದ್ದವು. ಅವು 4,500 ವರ್ಷಗಳಿಗೂ ಹಿಂದಿನವು. ಹಿಮಯುಗ ಕಳೆದ ಮೇಲೆ ಕಡಲು ತಾನಾಗಿಯೇ ಏರಿ ಆ ಕಾಡನ್ನು ನುಂಗಿತು. ಯಾರೂ ಕುಡಿದು ಮಲಗಿರಲಿಲ್ಲ. ಹಾಗಾದರೆ ಜನ ಆ ಪಾಪವನ್ನು ಬಡ ಕಾವಲುಗಾರನ ತಲೆಗೆ ಕಟ್ಟಿದ್ದೇಕೆ? ಕಾರಣವೇ ಇಲ್ಲದ ನಷ್ಟಕ್ಕಿಂತ ತಪ್ಪಿತಸ್ಥನಿರುವ ನಷ್ಟ ಮನಸ್ಸಿಗೆ ಸಹ್ಯವೇನೋ. ಅವನೊಬ್ಬ ಎಚ್ಚರವಾಗಿದ್ದರೆ ಎಲ್ಲವೂ ಉಳಿಯುತ್ತಿತ್ತೆಂಬ ಸಮಾಧಾನವಾದರೂ ಇರುತ್ತದೆ.

ಸೈಥೆನಿನ್ ನಿರ್ದೋಷಿಯೆಂದು ನಾನು ತೀರ್ಪು ಕೊಟ್ಟಾಗಿತ್ತು. ಅಷ್ಟರಲ್ಲಿ ಅದೇ ಕೊಲ್ಲಿಯ ದಡದ ಫೇರ್‌ಬೋರ್ನ್ ಎಂಬ ಊರಿನ ಸುದ್ದಿ ಕಣ್ಣಿಗೆ ಬಿತ್ತು. ಏರುವ ಕಡಲಿನಿಂದ ಅದನ್ನು ಎಷ್ಟು ಕಾಲ ಕಾಪಾಡಲಾದೀತೆಂಬ ಚರ್ಚೆ ಅಲ್ಲಿ ನಡೆದಿದೆ. ಈ ಸಲ ಕಡಲು ತಾನಾಗಿ ಏರುತ್ತಿಲ್ಲ. ಮನುಷ್ಯರು ಉರಿಸಿದ ಕಲ್ಲಿದ್ದಲು, ಎಣ್ಣೆಗಳ ಹೊಗೆ ಭೂಮಿಯನ್ನು ಕಾಯಿಸಿ ಅದನ್ನು ಏರಿಸುತ್ತಿದೆ. ಅಂದು ಸುಳ್ಳಾಗಿದ್ದ ಆರೋಪ ಇಂದು ನಿಜವಾಗಿದೆ. ಆರೋಪಿ ಮಾತ್ರ ಸೈಥೆನಿನ್ ಅಲ್ಲ.

ಈಗಲೂ ರಾತ್ರಿ ಎದ್ದು ಅಗಳಿ ನೋಡಿ ಬರುತ್ತೇನೆ. ಆದರೆ ನಾನು ಕಾಯಬೇಕಾದ ಬಾಗಿಲು ಅದೊಂದೇ ಅಲ್ಲವೆಂಬುದು ನೆನಪಾಗಿ, ಮೊದಲಿನಂತೆ ಬೇಗ ನಿದ್ದೆ ಹತ್ತುವುದಿಲ್ಲ.